ಮುಟ್ಟಿ ನೋಡುವ ಕೋಣೆ

ವಸ್ತುಸಂಗ್ರಹಾಲಯಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಣ್ಣು ಕಾಣದವರಿಗೆ ಮೂರ್ತಿ, ಚಿತ್ರಗಳನ್ನು ಕೈಯಿಂದ ಮುಟ್ಟಿಸಿ ತೋರಿಸುವ ಕೆಲಸವನ್ನು ಚೆನ್ನೈಯಲ್ಲಿ ಮೊದಮೊದಲು ಮಾಡಿದವರಲ್ಲಿ ನಾನೂ ಒಬ್ಬಳು ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಪೆರಂಬೂರಿನ ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದು, ಕಾಫಿ ಲೋಟ ಕೈಗೆ ಬರುವ ಮೊದಲೇ ಕೇಳುತ್ತಾರೆ: “ಮೇಡಂ, ಯಾವ ಮೆಷಿನ್ ತಗೊಂಡ್ರೆ ಒಳ್ಳೇದು?”

ಮೆಷಿನ್ ವಿಷಯ ಆಮೇಲೆ ಮಾತಾಡೋಣ, ಅದನ್ನು ಮುಟ್ಟುವವರು ಯಾರು, ಅವರನ್ನು ಕೇಳಿದ್ದೀರಾ ಎನ್ನುತ್ತೇನೆ. ಅದು ಎರಡನೇ ಹಂತದಲ್ಲಿದೆ ಎನ್ನುತ್ತಾರೆ. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿ, ಹಾರ, ಶಾಲುಗಳ ವಿಷಯ ಇದರಲ್ಲಿಲ್ಲ. ಎಲ್ಲೆಲ್ಲಿ ಎಡವಿದೆವು, ಯಾಕೆ ಎಡವಿದೆವು ಎನ್ನುವುದಷ್ಟೇ ಇದೆ.

ನಾನು ಮೈಸೂರಿನಲ್ಲಿ ಶಿಲ್ಪಕಲೆ ಕಲಿತವಳು. ಮದುವೆಯಾಗಿ ಚೆನ್ನೈಗೆ ಬಂದೆ; ಗಂಡನಿಗೆ ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ಕೆಲಸ. ನನಗೆ ನಗರದ ಒಂದು ಹಳೆಯ ವಸ್ತುಸಂಗ್ರಹಾಲಯದಲ್ಲಿ ಮಾಡೆಲರ್ ಹುದ್ದೆ ಸಿಕ್ಕಿತು. ಮಾಡೆಲರ್ ಎಂದರೇನು ಎಂದು ನೆಂಟರಿಗೆ ವಿವರಿಸಿ ಸಾಕಾಗಿ, ಕೊನೆಗೆ ಗೊಂಬೆ ಮಾಡುವ ಕೆಲಸ ಎಂದು ಹೇಳಿಬಿಡುತ್ತಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಡಲು ಮಣ್ಣಿನ ಬೆಸ್ತರು, ಅಂಗೈ ಅಗಲದ ಗುಡಿಸಲು, ಪ್ಲಾಸ್ಟರಿನ ಮಾವಿನಹಣ್ಣು, ಬೆರಳು ಮುರಿದ ಮೂರ್ತಿಗೆ ಬೆರಳು, ಹೀಗೆ. ಕಟ್ಟಡದ ಹಿಂದಿನ ತಗಡಿನ ಶೆಡ್ಡು ನನ್ನ ಜಾಗ. ಬೇಸಿಗೆಯಲ್ಲಿ ಪ್ಲಾಸ್ಟರನ್ನು ಕಲಸಿ ಮುಗಿಸುವಷ್ಟರಲ್ಲಿ ಅದು ಬಟ್ಟಲಲ್ಲೇ ಕಲ್ಲಾಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ಬೆಳಿಗ್ಗೆ ಅಂಧ ಮಕ್ಕಳ ಶಾಲೆಯ ಬಸ್ಸು ಬಂತು. ಕಂಚಿನ ಮೂರ್ತಿಗಳ ಹಾಲ್ ತೋರಿಸುತ್ತೇವೆಂದು ನಮ್ಮಲ್ಲೇ ಯಾರೋ ಒಪ್ಪಿಕೊಂಡಿದ್ದರು. ತೋರಿಸುವುದು ಎಂದರೆ ಹೇಗೆ ಎಂದು ಮಾತ್ರ ಯೋಚಿಸಿರಲಿಲ್ಲ. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಸಾಲಾಗಿ ನಿಂತರು. ಗೈಡು ಒಂದೊಂದು ಪೆಟ್ಟಿಗೆಯ ಮುಂದೆ ನಿಂತು ಫಲಕದಲ್ಲಿದ್ದುದನ್ನು ಓದಿದ: ಯಾವ ಕಾಲದ್ದು, ಯಾವ ಜಿಲ್ಲೆಯಲ್ಲಿ ಸಿಕ್ಕಿದ್ದು, ಎಷ್ಟು ಎತ್ತರ. ಒಬ್ಬ ಹುಡುಗಿ ಗಾಜಿನ ಮೇಲೆ ಕೈಯಿಟ್ಟಳು. ಕಾವಲುಗಾರ ಕೈ ತೆಗೆಯಮ್ಮಾ ಎಂದ. ಅವರ ಟೀಚರು, “ಇದನ್ನೆಲ್ಲ ಕ್ಲಾಸಿನಲ್ಲೇ ಕೂತು ನಾನೇ ಓದಿ ಹೇಳಬಹುದಿತ್ತಲ್ಲ. ಬಸ್ಸು ಯಾಕೆ ಬೇಕಿತ್ತು?” ಎಂದು ತಮಿಳಿನಲ್ಲಿ ಕೇಳಿದರು.

ಈ ಮಾತು ನಿರ್ದೇಶಕರ ಕಿವಿಗೆ ಬಿತ್ತು. ನಮ್ಮ ನಿರ್ದೇಶಕರು ಒಳ್ಳೆಯ ಮನುಷ್ಯ. ಹುಮ್ಮಸ್ಸು ಜಾಸ್ತಿ, ಕೇಳಿಸಿಕೊಳ್ಳುವುದು ಕಡಿಮೆ. ಖಾಲಿ ಬಿದ್ದಿದ್ದ ಒಂದು ಕೋಣೆಯನ್ನು ಮುಟ್ಟಿ ನೋಡುವ ಕೋಣೆ ಮಾಡಬೇಕೆಂದು ಪಟ್ಟು ಹಿಡಿದು, ದೆಹಲಿಗೆ ಓಡಾಡಿ ಅನುದಾನವನ್ನೂ ತಂದರು. ಒಂದು ಸಮಿತಿ ಆಯಿತು. ಅದರಲ್ಲಿ ಇತಿಹಾಸದ ವಿದ್ವಾಂಸರಿದ್ದರು, ಆರ್ಕಿಟೆಕ್ಟ್ ಇದ್ದರು, ಮಾದರಿಗಳನ್ನು ಮಾಡಬೇಕಾದವಳೆಂದು ನಾನೂ ಇದ್ದೆ. ಕಣ್ಣು ಕಾಣದವರು ಒಬ್ಬರೂ ಇರಲಿಲ್ಲ. ನಾನು ಅದನ್ನು ಹೇಳಿದೆ.

“ಅದಕ್ಕೇನಮ್ಮಾ, ನಾವೇ ಕಣ್ಣು ಕಟ್ಟಿಕೊಂಡು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ,” ಎಂದರು ನಿರ್ದೇಶಕರು.

ಹಾಗೇ ಮಾಡಿದರು. ಸಮಿತಿಯವರೆಲ್ಲ ಕರ್ಚೀಫಿನಿಂದ ಕಣ್ಣು ಕಟ್ಟಿಕೊಂಡು ನನ್ನ ಮಾದರಿಗಳನ್ನು ಮುಟ್ಟಿ, ಇದು ಗಣೇಶ, ಇದು ನಂದಿ, ಇದು ಗೋಪುರ ಎಂದು ಸಂತೋಷದಿಂದ ಹೇಳಿದರು. ಹೇಳದೆ ಏನು? ಒಂದು ಗಂಟೆ ಮೊದಲು ಅವನ್ನೆಲ್ಲ ಕಣ್ಣಾರೆ ಕಂಡಿದ್ದರು. ಹುಟ್ಟಿದಾಗಿನಿಂದ ಆನೆಯ ಸೊಂಡಿಲನ್ನು ಕಾಣದವರಿಗೆ ಗಣೇಶ ಹೇಗೆ ಗೊತ್ತಾಗಬೇಕು ಎಂದು ನಾನು ಕೇಳಿದ್ದು ಯಾರಿಗೂ ಬೇಕಿರಲಿಲ್ಲ. ಪರೀಕ್ಷೆ ಯಶಸ್ವಿ ಎಂದು ಬರೆದುಕೊಂಡು ಟೀ ಕುಡಿದರು.

ಶ್ಯಾಮಲಾ ನನಗೆ ಸಿಕ್ಕಿದ್ದು ಆ ದಿನಗಳಲ್ಲೇ. ಒಂದು ಶನಿವಾರ ಶೆಡ್ಡಿನಿಂದ ಮೂರ್ತಿಗಳ ಹಾಲಿನ ಕಡೆ ಹೋಗುತ್ತಿದ್ದೆ. ಬಿಳಿ ಕೋಲು ಹಿಡಿದ, ನನ್ನದೇ ವಯಸ್ಸಿನ ಒಬ್ಬ ಹೆಂಗಸು ಕಾವಲುಗಾರನ ಜೊತೆ ತಮಿಳಿನಲ್ಲಿ ವಾದ ಮಾಡುತ್ತಿದ್ದರು. ಯಾವುದಾದರೂ ಒಂದನ್ನು ಮುಟ್ಟಬೇಕು, ಯಾವುದಾದರೂ ಸರಿ, ಕಲ್ಲಿನ ಕಂಬವಾದರೂ ಸರಿ ಎಂದು ಅವರು. ರೂಲ್ಸ್ ಇಲ್ಲಮ್ಮಾ ಎಂದು ಅವನು. ಕೊನೆಗೆ ಅವರು ಆ ಕಡೆ ತಿರುಗಿ, “ಇವ್ನಿಗೆ ಹೇಳೋದೂ ಒಂದೇ, ಆ ಕಂಬಕ್ಕೆ ಹೇಳೋದೂ ಒಂದೇ,” ಎಂದು ಕನ್ನಡದಲ್ಲಿ ಗೊಣಗಿದರು. ನನಗೆ ನಗು ಬಂತು.

“ಯಾರ್ರೀ ಅದು ನಕ್ಕಿದ್ದು? ಕನ್ನಡದೋರಾ?”

“ಹೌದು ರೀ. ಇಲ್ಲೇ ಕೆಲಸ ಮಾಡ್ತೀನಿ. ಜಯಂತಿ ಅಂತ.”

“ಹಂಗಾದ್ರೆ ಇವ್ನಿಗೆ ಸೊಲ್ಪ ಹೇಳ್ರೀ. ನಾನೇನು ಎತ್ಕೊಂಡು ಓಡಿಹೋಗ್ತೀನಾ? ಟ್ರೇನ್ ಹಿಡಿಯಕ್ಕೇ ಇನ್ನೊಬ್ರು ಬೇಕು ನಂಗೆ.”

ಅವರ ಮನೆತನ ಚಿತ್ರದುರ್ಗದ ಕಡೆಯದು. ತಂದೆಗೆ ಬ್ಯಾಂಕಿನಲ್ಲಿ ವರ್ಗವಾಗಿ ಇಲ್ಲಿಗೆ ಬಂದು ಇಲ್ಲೇ ನಿಂತವರು. ಹಸುಗೂಸಾಗಿದ್ದಾಗಲೇ ಕಣ್ಣು ಹೋಗಿತ್ತಂತೆ. ಕ್ರೋಂಪೇಟೆಯಲ್ಲಿ ತಂಗಿಯ ಮನೆ. ಅಲ್ಲಿಂದ ಲೋಕಲ್ ಟ್ರೇನಿನಲ್ಲಿ ಬಂದು ಒಂದು ವಿಮಾ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಮಾಡುತ್ತಿದ್ದರು. ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಕೋಣೆಗಾಗಿ ಮಾಡಿಟ್ಟಿದ್ದ ಮಾದರಿಗಳನ್ನು ಮುಂದಿಟ್ಟೆ. ಸಮಿತಿ ಯಶಸ್ವಿ ಎಂದಿದ್ದ ಗೋಪುರವನ್ನು ಮೇಲಿನಿಂದ ಕೆಳಗಿನವರೆಗೆ ಸವರಿ, “ಇದೇನ್ರೀ, ಜೋಳದ ತೆನೆನಾ?” ಎಂದರು.

ಅವತ್ತಿನಿಂದ ಅವರನ್ನು ನಾನು ಬಿಡಲಿಲ್ಲ. ಅವರಾಗಿ ಬರುತ್ತೇನೆ ಎಂದದ್ದರಿಂದ ನಿರ್ದೇಶಕರೂ ಬೇಡ ಎನ್ನಲಿಲ್ಲ.

ಮೊದಲು ಬ್ರೈಲ್ ಫಲಕಗಳ ಕಥೆ ಹೇಳುತ್ತೇನೆ, ಏಕೆಂದರೆ ಇದನ್ನು ನೀವೆಲ್ಲರೂ ಮಾಡುತ್ತೀರಿ. ಫಲಕಗಳು ಚೆನ್ನಾಗಿ ಅಚ್ಚಾಗಿ ಬಂದವು. ಗೋಡೆಗೆ ಹೊಡೆಯುವ ಕೆಲಸ ಕಂಟ್ರಾಕ್ಟರದು. ನಾನು ಎರಡು ದಿನ ರಜೆಯಲ್ಲಿದ್ದು ಬಂದು ನೋಡಿದರೆ, ಬ್ರೈಲ್ ಚುಕ್ಕೆಗಳು ಕೊಳೆಯಾಗಬಾರದೆಂದು ಪ್ರತಿ ಫಲಕದ ಮೇಲೂ ಗಾಜಿನಂಥ ಅಕ್ರಿಲಿಕ್ ಹಾಳೆ ಕೂರಿಸಿ ನಾಲ್ಕು ಮೂಲೆಗೆ ಹಿತ್ತಾಳೆ ಸ್ಕ್ರೂ ಬಿಗಿದಿದ್ದ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಶ್ಯಾಮಲಾ ಕೈಯಾಡಿಸಿ, “ಭಾಳ ನುಣುಪಾಗೈತೆ,” ಎಂದಷ್ಟೇ ಹೇಳಿದರು. ಹಾಳೆಗಳನ್ನು ಕೀಳಿಸಿದೆ. ಕಿತ್ತು ಮತ್ತೆ ಹೊಡೆಯುವಾಗ ಅರ್ಧದಷ್ಟು ಫಲಕಗಳನ್ನು ತಲೆಕೆಳಗಾಗಿ ಹೊಡೆದರು. ಬಡಗಿಗೆ ಬ್ರೈಲ್ ಬರುವುದಿಲ್ಲ, ಕಂಟ್ರಾಕ್ಟರಿಗೂ ಬರುವುದಿಲ್ಲ, ಆ ದಿನಗಳಲ್ಲಿ ನನಗೂ ಬರುತ್ತಿರಲಿಲ್ಲ. ಮೂರನೇ ಸಲ ಹೊಡೆಯುವ ಮೊದಲು ಶ್ಯಾಮಲಾ ಒಂದು ಉಪಾಯ ಹೇಳಿಕೊಟ್ಟರು: ಪ್ರತಿ ಫಲಕದ ಮೇಲಿನ ಬಲಮೂಲೆಯನ್ನು ಓರೆಯಾಗಿ ಕತ್ತರಿಸಿಬಿಡಿ. ಕತ್ತರಿಸಿದ ಮೂಲೆ ಬಲಕ್ಕೆ ಮೇಲೆ ಬಂದರೆ ಸರಿ. ಈಗಲೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮತ್ತೆ, ಫಲಕವನ್ನು ಎದೆಯ ಮಟ್ಟಕ್ಕೆ, ಸ್ವಲ್ಪ ಇಳಿಜಾರಾಗಿ ಇಡಿ. ಕಣ್ಣಿನ ಮಟ್ಟಕ್ಕೆ ಇಡುತ್ತೀರಿ. ಯಾರ ಕಣ್ಣು?

ಆಮೇಲೆ ಉಬ್ಬು ಚಿತ್ರಗಳು. ಹಲಗೆಯ ಮೇಲೆ ಚಿತ್ರದ ಗೆರೆಗಳನ್ನು ದಾರ, ಉಪ್ಪುಕಾಗದ, ಬಟ್ಟೆ ಚೂರುಗಳಿಂದ ಎತ್ತರಿಸಬೇಕು. ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇಟ್ಟು, ಕಾಯಿಸಿ, ಕೆಳಗಿನಿಂದ ಗಾಳಿ ಎಳೆದರೆ ಹಾಳೆ ಆ ಆಕಾರಕ್ಕೆ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಒಂದು ಹಲಗೆಯಿಂದ ಎಷ್ಟು ಹಾಳೆ ಬೇಕಾದರೂ ತೆಗೆಯಬಹುದು. ನಮ್ಮಲ್ಲಿ ಹಳೆಯ ಗುಹಾಲಯವೊಂದರ ಚಾವಣಿ ಚಿತ್ರದ ದೊಡ್ಡ ನಕಲು ಇತ್ತು: ತಾವರೆ ಕೊಳ, ಅದರಲ್ಲಿ ಮೀನು, ಬಾತುಕೋಳಿ, ಆನೆ, ಹೂ ಕೀಳುತ್ತಿರುವ ಮನುಷ್ಯ. ಅದನ್ನೇ ಉಬ್ಬು ಚಿತ್ರ ಮಾಡುವುದೆಂದು ತೀರ್ಮಾನವಾಯಿತು. ವಿದ್ವಾಂಸರು ಒಂದು ದಳವನ್ನೂ ಬಿಡಬಾರದೆಂದು ಹಟ ಹಿಡಿದರು. ವಾರಗಟ್ಟಲೆ ಕೂತು ದಾರ ಅಂಟಿಸಿದೆ. ಬೆನ್ನು ಬಿದ್ದುಹೋಯಿತು.

ಶ್ಯಾಮಲಾ ಹಾಳೆಯ ಮೇಲೆ ಎರಡೂ ಕೈ ಇಟ್ಟು ತುಂಬ ಹೊತ್ತು ಹುಡುಕಿದರು.

“ಏನನ್ಸುತ್ತೆ?” ಎಂದೆ.

“ಶ್ಯಾವಿಗೆ ಚೆಲ್ಲೈತೆ.”

“ಸರಿಯಾಗಿ ನೋಡ್ರೀ. ಇದು ಮೀನು.”

“ಇದಾ? ನಾನು ಚಪ್ಲಿ ಅಂದ್ಕೊಂಡೆ. ಕೊಳದಾಗೆ ಯಾರೋ ಬಿಟ್ಟು ಹೋಗಿರ್ಬೇಕು ಅಂತ.”

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವರು ಸಮಾಧಾನ ಮಾಡುವವರಲ್ಲ. “ಸುಮ್ಮಾ ಕೋಪ ಮಾಡ್ಕೋಬೇಡ್ರೀ. ನೀವು ಮೊದ್ಲು ಎಲ್ಲಾನೂ ಒಟ್ಟಿಗೆ ನೋಡ್ತೀರಾ, ಅಪ್ಪುರಂ ಒಂದೊಂದೇ ನೋಡ್ತೀರಾ. ನಂಗೆ ಒಂದೊಂದೇ ಬರೋದು, ಅದನ್ನೆಲ್ಲ ಜೋಡಿಸ್ಕೊಂಡು ಅಪ್ಪುರಂ ಒಟ್ಟಾಗ್ಬೇಕು. ಬೆರಳಿಗೆ ಜಾಗ ಬಿಡಿ,” ಎಂದರು.

ಒಂದು ಹಾಳೆಯನ್ನು ನಾಲ್ಕು ಮಾಡಿದೆ. ಮೊದಲನೆಯದರಲ್ಲಿ ಕೊಳದ ಅಂಚು ಮಾತ್ರ. ಎರಡನೆಯದರಲ್ಲಿ ಮನುಷ್ಯ ಮತ್ತು ಆನೆ. ಮೂರನೆಯದರಲ್ಲಿ ಮೀನು, ತಾವರೆ. ಕೊನೆಯದರಲ್ಲಿ ಎಲ್ಲವೂ, ಆದರೆ ನೀರಿಗೆ ಒಂದು ಬಗೆಯ ತರಿ, ಎಲೆಗೆ ಇನ್ನೊಂದು ಬಗೆ. ಸಣ್ಣ ಹಕ್ಕಿಗಳೆಲ್ಲ ಬೇಡವೇ ಬೇಡ ಎಂದು ಶ್ಯಾಮಲಾ ಹಟ ಮಾಡಿದರು. ತೆಗೆದೆ. ಅಂಧ ಮಕ್ಕಳ ಶಾಲೆಗೆ ಹಾಳೆಗಳನ್ನು ಒಯ್ದು ತೋರಿಸಿದಾಗ ಮಕ್ಕಳು ಕೇಳಿದ ಮೊದಲ ಪ್ರಶ್ನೆ, ಇಷ್ಟು ದೊಡ್ಡ ಕೊಳದಲ್ಲಿ ಹಕ್ಕಿ ಯಾಕಿಲ್ಲ ಎಂದು. ಅವರ ಪುಟ್ಟ ಬೆರಳುಗಳಿಗೆ ಆ ಹಕ್ಕಿಗಳು ಕಷ್ಟವೇ ಆಗಿರಲಿಲ್ಲ. ಮತ್ತೆ ಕೂತು ಹಕ್ಕಿಗಳನ್ನು ಅಂಟಿಸಿದೆ. ಆ ವಾರ ಶ್ಯಾಮಲಾ ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ.

ಮೂರ್ತಿಯ ಕೆಲಸ ಇಷ್ಟು ಕಾಡಲಿಲ್ಲ. ನಮ್ಮ ಹಾಲಿನಲ್ಲಿ ನಿಂತಿರುವ ದೇವಿಯ ಒಂದು ಕಂಚಿನ ಮೂರ್ತಿ ಇತ್ತು. ಅದರಿಂದ ನೇರವಾಗಿ ಅಚ್ಚು ತೆಗೆಯಲು ಬಿಡಲಿಲ್ಲವಾದ್ದರಿಂದ ಅಳತೆ ಹಿಡಿದು ಮಣ್ಣಿನಲ್ಲಿ ಮಾಡಿ, ಅದರಿಂದ ಫೈಬರ್ ಮೂರ್ತಿ ತೆಗೆದೆ. ಶ್ಯಾಮಲಾ ಸೊಂಟದ ಹತ್ತಿರ ಕೈ ನಿಲ್ಲಿಸಿ, “ಬಿದ್ದೋಗ್ತಾಳಾ ಏನು ಇವ್ಳು?” ಎಂದರು. ವಿವರಿಸಲು ಬಾರದೆ ಅವರನ್ನೇ ಹಿಡಿದು ಹಾಗೆ ನಿಲ್ಲಿಸಿದೆ: ಭಾರವೆಲ್ಲ ಒಂದು ಕಾಲಿನ ಮೇಲೆ, ಇನ್ನೊಂದು ಮಂಡಿ ಸಡಿಲ, ಒಂದು ತೋಳು ಇಳಿಬಿಟ್ಟು, ಇನ್ನೊಂದು ಕೈ ಎದೆಯ ಹತ್ತಿರ ಎತ್ತಿ. ನಿಂತ ತಕ್ಷಣ ಅವರಿಗೆ ಗೊತ್ತಾಯಿತು. “ಓ, ಬಸ್ ಸ್ಟಾಪಲ್ಲಿ ನಿಂತಂಗೆ.” ಎತ್ತಿದ ಕೈಯ ಬೆರಳುಗಳ ನಡುವೆ ಏನಿದೆ ಎಂದು ಕೇಳಿದರು. ಏನೂ ಇಲ್ಲ, ಪೂಜೆಯ ಹೊತ್ತಿಗೆ ಅಲ್ಲಿ ನಿಜವಾದ ಹೂವು ಇಡುತ್ತಾರೆ ಎಂದೆ. ಅವರು ತಮ್ಮ ಜಡೆಯ ಮಲ್ಲಿಗೆಯಿಂದ ಒಂದು ಹೂವು ಕಿತ್ತು ತಡಕಾಡಿ ಆ ಬೆರಳುಗಳ ನಡುವೆ ಸಿಕ್ಕಿಸಿದರು. ನೀವು ಯಾವ ಮೂರ್ತಿಯನ್ನು ಮುಟ್ಟಿಸಿದರೂ ಮೊದಲು ಮುಟ್ಟುವವರನ್ನು ಹಾಗೆ ನಿಲ್ಲಿಸಿ. ಅದಕ್ಕೆ ಯಾವ ಮೆಷಿನ್ನೂ ಬೇಡ.

ಈಗ ಮೆಷಿನ್ನಿಗೆ ಬರುತ್ತೇನೆ. ಹೊಸ ಶತಮಾನ ಬಂದಿತ್ತು. ನಿರ್ದೇಶಕರು ಹೊರದೇಶಕ್ಕೆ ಹೋಗಿ ಬಂದರು. ಬಂದವರೇ ನನ್ನನ್ನು ಕರೆದು, “ಜಯಂತಿ ಅಮ್ಮಾ, ಇನ್ನು ನಿಮ್ಮ ದಾರ, ಗೋಂದು ಎಲ್ಲ ಬೇಡ. ಟಚ್ ಟೆಕ್ನಾಲಜಿ ಬರುತ್ತಿದೆ,” ಎಂದರು. ಬಂದದ್ದು ಟಚ್ ಸ್ಕ್ರೀನ್. ಆಳೆತ್ತರದ ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಒಂದು ಕಂಪ್ಯೂಟರ್, ಮುಂದೆ ಗಾಜು. ಗಾಜಿನ ಮೇಲೆ ಕಾಣುವ ಚಿತ್ರಗಳನ್ನು ಒತ್ತಿದರೆ ಪುಟಗಳು ತೆರೆದುಕೊಳ್ಳುತ್ತವೆ. ಅನುದಾನದ ಫೈಲಿನಲ್ಲಿ ‘ಟಚ್’ ಎಂಬ ಮಾತಿತ್ತು, ಇದರ ಹೆಸರಿನಲ್ಲೂ ‘ಟಚ್’ ಇತ್ತು. ಅಷ್ಟು ಸಾಕಾಯಿತು. ಗಾಜು ಎಲ್ಲ ಕಡೆಯೂ ಒಂದೇ ಸಮ ಇರುತ್ತದೆ ಸಾರ್, ಬಟನ್ನು ಎಲ್ಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಧ್ವನಿ ಇದೆಯಲ್ಲಮ್ಮಾ ಎಂದರು.

ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬಂದರು. ಅಂಧ ಶಾಲೆಯ ಮಕ್ಕಳನ್ನು ಕರೆಸಿದ್ದರು. ಶ್ಯಾಮಲಾ ಅವರನ್ನು ಮೊದಲು ಮುಟ್ಟಲು ಮುಂದೆ ನಿಲ್ಲಿಸಿದರು. ಅವರು ಅಂಗೈಯನ್ನು ಗಾಜಿನ ಮೇಲಿಟ್ಟು ಅಭ್ಯಾಸದಂತೆ ಸವರಿದರು. ಕೈ ಸವರಿದಲ್ಲೆಲ್ಲ ಒತ್ತಿದಂತಾಗಿ ಪುಟಗಳು ಹಾರತೊಡಗಿದವು. ಪೆಟ್ಟಿಗೆಯೊಳಗಿನಿಂದ ಒಬ್ಬ ಗಂಡಸು ಇಂಗ್ಲಿಷಿನಲ್ಲಿ “ವೆಲ್ಕಂ ಟು... ದಿ ಟೆಂಪಲ್... ವೆಲ್ಕಂ... ವೆಲ್ಕಂ...” ಎಂದು ತೊದಲಿದ. ಕಂಪನಿಯ ಎಂಜಿನಿಯರ್ ಪ್ರಭಾಕರ್ ಪಕ್ಕದಲ್ಲಿದ್ದ. ಮೂವತ್ತು ದಾಟಿದವನು, ಸಭ್ಯ. “ಮೇಡಂ, ಕೈ ಇಡಬೇಡಿ, ಒಂದು ಬೆರಳು ಮಾತ್ರ. ಬಟನ್ ಒತ್ತಿ,” ಎಂದ.

“ಬಟನ್ ಎಲ್ಲಿ?”

“ಬಲಗಡೆ ಮೇಡಂ. ನೀಲಿ ಬಣ್ಣದ್ದು.”

ಅಂದ ಮೇಲೆ ಅವನಿಗೇ ಕೇಳಿಸಿತು ತಾನು ಹೇಳಿದ್ದು. ಮುಖ ಕೆಂಪಾಯಿತು. ಶ್ಯಾಮಲಾ ಕೈ ತೆಗೆದು ಪಕ್ಕಕ್ಕೆ ಸರಿದರು. ಫೋಟೋಗ್ರಾಫರ್ ಇನ್ನೊಮ್ಮೆ ಕೈ ಇಡಿ ಎಂದು ಕೇಳಿದ. ಅವರು ಇಡಲಿಲ್ಲ. ಅಧಿಕಾರಿಯೇ ಒತ್ತಿ ತೋರಿಸಿ, ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದರು. ಮಕ್ಕಳೂ ತಟ್ಟಿದರು, ಯಾತಕ್ಕೆಂದು ತಿಳಿಯದೆ.

ಪ್ರಭಾಕರ್ ಅಲ್ಲಿಗೇ ಬಿಟ್ಟು ಹೋಗಬಹುದಿತ್ತು. ಅವನು ಸೋಮವಾರ ಬೆಳಿಗ್ಗೆ ನನ್ನ ಶೆಡ್ಡಿಗೆ ಬಂದು, “ಇದನ್ನು ಹೇಗಾದರೂ ಸರಿ ಮಾಡಬಹುದಾ ಅಮ್ಮಾ?” ಎಂದ. ಮೇಜಿನ ಮೇಲೆ ಕೊಳದ ಉಬ್ಬು ಹಾಳೆ ಬಿದ್ದಿತ್ತು. ಅದನ್ನೆತ್ತಿ ಅವನ ಗಾಜಿನ ಮೇಲೆ ಅಂಟಿಸಿದರೆ ಏನಾಗುತ್ತದೆ ಎಂದು ಕೇಳಿದೆ. ಆ ಕಾಲದ ಆ ಗಾಜು ಒತ್ತಡಕ್ಕೆ ಕೆಲಸ ಮಾಡುವಂಥದ್ದು. ಮೇಲೆ ತೆಳು ಪ್ಲಾಸ್ಟಿಕ್ ಇದ್ದರೂ ಒತ್ತಿದ್ದು ಅದಕ್ಕೆ ತಿಳಿಯುತ್ತಿತ್ತು. ಬೆರಳು ಮೀನನ್ನು ಹುಡುಕಿ ಅಲ್ಲೇ ಒತ್ತಿದರೆ ಇದು ಮೀನು ಎಂದು ಧ್ವನಿ ಹೇಳಬೇಕು. ತೊಂದರೆಯೆಂದರೆ ಹುಡುಕುವಾಗ ಸವರಿದರೂ ಧ್ವನಿ ಬರುತ್ತಿತ್ತು. ಪೆಟ್ಟಿಗೆಯನ್ನು ಮಲಗಿಸಿ ಮೇಜಿನಂತೆ ಮಾಡಿದೆವು. ಹಾಳೆಯ ಕೆಳಗೆ ಅಂಚಿನುದ್ದಕ್ಕೂ ತೆಳು ಪಟ್ಟಿ ಕೊಟ್ಟು ಗಾಜಿನಿಂದ ಸ್ವಲ್ಪ ಮೇಲೆತ್ತಿದೆ, ಹಗುರಾಗಿ ಸವರಿದರೆ ತಾಗದಂತೆ. ಒಂದೇ ಕಡೆ ಎರಡು ಸಲ ಒತ್ತಿದರೆ ಮಾತ್ರ ಮಾತಾಡುವಂತೆ ಪ್ರಭಾಕರ್ ಪ್ರೋಗ್ರಾಂ ಬದಲಿಸಿದ. ಹಾಳೆ ಕುಗ್ಗಿತು, ಸುಕ್ಕಾಯಿತು, ಮೀನನ್ನು ಒತ್ತಿದರೆ ಆನೆ ಎಂದಿತು, ಕರೆಂಟು ಹೋದಾಗಲೆಲ್ಲ ಎಲ್ಲವನ್ನೂ ಮರೆಯಿತು. ತಿಂಗಳುಗಟ್ಟಲೆ ಹೀಗೇ ಹೆಣಗಾಡಿ ಕೊನೆಗೆ ಒಂದು ದಾರಿಗೆ ಬಂತು.

ಉಳಿದದ್ದು ಧ್ವನಿ. ಆ ‘ವೆಲ್ಕಂ’ ಗಂಡಸು ಬೇಡ, ಶ್ಯಾಮಲಾ ಮಾತಾಡಲಿ ಎಂದೆ. ಎಷ್ಟೋ ವರ್ಷ ಫೋನಿನಲ್ಲಿ ಮಾತಾಡಿ ಪಳಗಿದ ಧ್ವನಿ ಅದು, ಗಂಟೆ ಬಾರಿಸಿದಂತೆ ಸ್ಪಷ್ಟ. ಅವರು ಕೂಡಲೇ ಬೇಡ ಎಂದರು.

ಆಮೇಲೆ ತಿಳಿಯಿತು ಕಾರಣ. ಅವರ ಕಚೇರಿಗೆ ಹೊಸ ಟೆಲಿಫೋನ್ ವ್ಯವಸ್ಥೆ ಬಂದಿತ್ತು. ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ಧ್ವನಿ, ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎನ್ನುತ್ತಿತ್ತು. ಶ್ಯಾಮಲಾ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ಮೂಲೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿದ್ದರು, ಕೆಲಸ ಕೊಟ್ಟಿರಲಿಲ್ಲ.

“ನನ್ ಕೆಲಸ ತಿಂದಿದ್ದೇ ಇಂಥದ್ದೊಂದು ಧ್ವನಿ. ಈಗ ನಾನೇ ಹೋಗಿ ಪೆಟ್ಟಿಗೆ ಒಳಗೆ ಕೂತ್ಕೊಳ್ಳಾ?” ಎಂದರು. ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಹೇಳಿದ ಮಾತು ಇದು. ನನ್ನ ಗಂಡ ಪೇಪರು ಮಡಿಸಿ ಸದ್ದಿಲ್ಲದೆ ಹೊರಗೆ ಹೋದರು.

ನನಗೂ ಒತ್ತಾಯ ಮಾಡಲು ಮನಸ್ಸಾಗಲಿಲ್ಲ. ಬೇರೆ ಯಾರನ್ನಾದರೂ ನೋಡ್ತೀನಿ ಎಂದೆ. ಎರಡು ವಾರದ ಮೇಲೆ ಅವರೇ ಫೋನ್ ಮಾಡಿದರು. “ಮಾತಾಡ್ತೀನಿ. ಆದ್ರೆ ಶನಿವಾರ ಶನಿವಾರ ಕೋಣೆ ತೆಗೆದಿರ್ಬೇಕು, ಒಬ್ರು ಮನುಷ್ಯರು ಅಲ್ಲಿ ನಿಂತಿರ್ಬೇಕು. ಪೆಟ್ಟಿಗೆಗೆ ಪ್ರಶ್ನೆ ಕೇಳಿದ್ರೆ ಅದು ಏನು ಹೇಳುತ್ತೆ? ನಿಮ್ ಡೈರೆಕ್ಟ್ರು ಹ್ಞೂಂ ಅಂದ್ರೆ ಮಾತ್ರ.” ನಿರ್ದೇಶಕರು ಒಪ್ಪಿದರು. ಶನಿವಾರ ನಿಲ್ಲುವ ಮನುಷ್ಯಳು ನಾನೇ ಆದೆ. ಶ್ಯಾಮಲಾ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಕೊಳದ ಕಥೆಯನ್ನು ಹೇಳಿದರು. ಕನ್ನಡ ಯಾರಿಗೆ ಬೇಕು ಎಂದು ಕೇಳಿದವರಿಗೆ ನಂಗೆ ಬೇಕು ಎಂದು ಹೇಳಿ, ಅದನ್ನೂ ಸೇರಿಸಿಯೇ ಎದ್ದರು.

ಕೋಣೆ ನಡೆಯಿತು. ತಾಂಬರಂ, ಆವಡಿ ಎಲ್ಲೆಲ್ಲಿಂದಲೋ ಜನ ಬಂದರು. ವಯಸ್ಸಾದ ಮೇಲೆ ಕಣ್ಣು ಹೋದವರೇ ಹೆಚ್ಚು. ಅವರಿಗೆ ಬ್ರೈಲ್ ಬರುವುದಿಲ್ಲ, ಬೆರಳಿಗೆ ಅಭ್ಯಾಸವಿಲ್ಲ, ಆದರೆ ನೆನಪಿದೆ. ಕಣ್ಣು ಕಾಣುವ ಮಕ್ಕಳು ಅವರ ಸಂದಿಯಲ್ಲಿ ನುಗ್ಗಿ ಮೀನನ್ನು ಒತ್ತಿ ಒತ್ತಿ ಹಾಳೆಯನ್ನು ಸವೆಸಿದರು. ನಾನು ಹೊಸ ಹಾಳೆ ತೆಗೆಯುತ್ತಲೇ ಇದ್ದೆ.

ಆಮೇಲೆ ನಿರ್ದೇಶಕರು ನಿವೃತ್ತರಾದರು. ಹೊಸಬರು ಬಂದರು. ಇವರಿಗೆ ಶಿಸ್ತು ಬಹಳ. ಕೋಣೆಯಲ್ಲಿ ಕಂಪ್ಯೂಟರ್ ಇದೆ, ಎಸಿ ಇದೆ, ಕಳವಾದರೆ ಯಾರು ಹೊಣೆ ಎಂದು ಬೀಗ ಹಾಕಿಸಿದರು. ‘ಕೋರಿಕೆಯ ಮೇರೆಗೆ ತೆರೆಯಲಾಗುವುದು’ ಎಂದು ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಕಣ್ಣು ಕಾಣದವರ ಕೋಣೆಯ ಬಾಗಿಲಿಗೆ, ಮಸಿಯಲ್ಲಿ ಬರೆದ ಹಾಳೆ. ಕೀಲಿ ಒಬ್ಬ ಅಧಿಕಾರಿಯ ಹತ್ತಿರ. ಅವರಿಗೆ ಶನಿವಾರ ರಜೆ. ನಾನು ಹೇಳಿದೆ, ಬರೆದು ಕೊಟ್ಟೆ, ಮತ್ತೆ ಹೋಗಿ ಹೇಳಿದೆ. ನೋಡೋಣಮ್ಮಾ ಎಂದರು. ಎಷ್ಟೋ ಶನಿವಾರ ಬಂದವರನ್ನು ಬಾಗಿಲಲ್ಲೇ ಕ್ಷಮೆ ಕೇಳಿ ಕಳಿಸಿದೆ. ತಾಂಬರಂನಿಂದ ಬಂದ ಒಬ್ಬ ಅಜ್ಜ, “ಪರವಾಯಿಲ್ಲೆ ಅಮ್ಮಾ, ಬೀಗ ದೊಡ್ಡದಾಗಿದೆ,” ಎಂದು ಅದನ್ನೇ ಸವರಿ ಹೋದರು.

ಇದನ್ನು ಕೇಳಿ ಶ್ಯಾಮಲಾ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು, “ಡೈರೆಕ್ಟ್ರು ರೂಮಿನ ಫೋನ್ ಕೆಲಸ ಮಾಡ್ತೈತಾ?” ಎಂದಷ್ಟೇ ಕೇಳಿದರು.

ನಿಮಗೆ ಗೊತ್ತಿರಲಿಕ್ಕಿಲ್ಲ, ಆಗಿನ್ನೂ ಊರಿನ ದೊಡ್ಡ ಕಚೇರಿಗಳಲ್ಲಿ, ಬ್ಯಾಂಕು, ರೈಲ್ವೆ, ಸರ್ಕಾರಿ ಇಲಾಖೆಗಳಲ್ಲಿ ಕಣ್ಣು ಕಾಣದ ಟೆಲಿಫೋನ್ ಆಪರೇಟರುಗಳು ಬಹಳ ಮಂದಿ ಇದ್ದರು. ಒಬ್ಬರಿಗೊಬ್ಬರು ಧ್ವನಿಯಿಂದಲೇ ಪರಿಚಯ. ಶ್ಯಾಮಲಾ ಅವರಿಗೆ ಅವರೆಲ್ಲರೂ ಗೊತ್ತು. ಮುಂದಿನ ಸೋಮವಾರ ಕಚೇರಿ ತೆರೆದ ಹೊತ್ತಿನಿಂದ ಹೊಸ ನಿರ್ದೇಶಕರ ಫೋನು ಹೊಡೆದುಕೊಳ್ಳತೊಡಗಿತು. ಒಬ್ಬರೂ ಜೋರು ಮಾಡಲಿಲ್ಲ. ಎಲ್ಲರೂ ತುಂಬ ಮರ್ಯಾದೆಯಿಂದ ಒಂದೇ ಮಾತು ಕೇಳಿದರು: ವಣಕ್ಕಂ ಸಾರ್, ಮುಟ್ಟಿ ನೋಡುವ ಕೋಣೆ ತೆಗೆಯಬೇಕೆಂದು ಕೋರಿಕೆ, ಈ ಶನಿವಾರ ತೆರೆದಿರುತ್ತದೆಯೇ? ಕೋರಿಕೆಯ ಮೇರೆಗೆ ಎಂದು ನಿರ್ದೇಶಕರೇ ಬರೆಸಿದ್ದರಲ್ಲ. ನಮ್ಮ ಆಪರೇಟರಿಗೆ ಬಂದ ಕರೆಗಳನ್ನೆಲ್ಲ ಒಳಗೆ ಕೊಡುವುದೇ ಕೆಲಸ, ಕೊಟ್ಟ. ಮಂಗಳವಾರವೂ ಹಾಗೇ. ಬುಧವಾರ ನಿರ್ದೇಶಕರಿಗಿಂತ ಮೇಲಿನ ಅಧಿಕಾರಿಯೊಬ್ಬರು, ನನಗೂ ಬೆಳಿಗ್ಗೆಯಿಂದ ಫೋನು ಬರುತ್ತಿದೆಯಲ್ಲ, ಏನದು ಕೋಣೆ ಎಂದು ಕೇಳಿದರಂತೆ.

ಹೊಸ ನಿರ್ದೇಶಕರು ಎಂದೂ ಕಾಲಿಡದಿದ್ದ ನನ್ನ ಶೆಡ್ಡಿಗೆ ಬಂದು ಪ್ಲಾಸ್ಟರ್ ಧೂಳಿನಲ್ಲಿ ನಿಂತರು.

“ಅಮ್ಮಾ, ಇವರನ್ನೆಲ್ಲ ಸ್ವಲ್ಪ ನಿಲ್ಲಿಸಲು ಹೇಳಿ. ಬೇರೆ ಕೆಲಸವೇ ಆಗುತ್ತಿಲ್ಲ.”

“ನಾನು ಹೇಳಿದ್ರೆ ನಿಲ್ಲಿಸಲ್ಲ ಸಾರ್. ಬೀಗ ತೆಗೆದ್ರೆ ನಿಲ್ಲಬಹುದು.”

ಗುರುವಾರ ಕೀಲಿ ನನ್ನ ಕೈಗೆ ಬಂತು. ಆಮೇಲೆ ನಾನು ನಿವೃತ್ತಳಾಗುವವರೆಗೆ ಅದನ್ನು ಯಾರೂ ವಾಪಸು ಕೇಳಲಿಲ್ಲ.

ನಿವೃತ್ತಿಗೆ ಸ್ವಲ್ಪ ಮುಂಚೆ ನಡೆದದ್ದೊಂದು ಇದೆ. ಹಾಲಿನ ದುರಸ್ತಿಗಾಗಿ ಆ ದೇವಿಯ ಮೂಲ ಮೂರ್ತಿಯನ್ನು ಪೆಟ್ಟಿಗೆಯಿಂದ ಹೊರತೆಗೆದು, ಶುಚಿ ಮಾಡಲು ರಾಸಾಯನಿಕ ವಿಭಾಗಕ್ಕೆ ಒಯ್ದಿದ್ದರು. ಆ ವಿಭಾಗದ ಕಲಾವತಿ ಬಹಳ ಕಟ್ಟುನಿಟ್ಟು. ಬೆವರಿನ ಉಪ್ಪು ಕಂಚನ್ನು ತಿನ್ನುತ್ತದೆ, ಅದರಲ್ಲಿ ಅವರು ಹೇಳುವುದು ಸರಿ. ಶ್ಯಾಮಲಾ ಒಂದು ಸಲ ಮುಟ್ಟಬಹುದೇ ಎಂದು ನಾನು ಅಂಜುತ್ತಲೇ ಕೇಳಿದೆ. ಅವರು ಯೋಚಿಸಿ, ಗ್ಲೌಸ್ ಹಾಕಿಕೊಂಡರೆ ಆಗಬಹುದು ಎಂದರು.

ಶ್ಯಾಮಲಾ ತೆಳ್ಳನೆಯ ರಬ್ಬರ್ ಗ್ಲೌಸ್ ಹಾಕಿಕೊಂಡು, ಮೂತಿ ತಿರುಗಿಸಿದರೂ, ಪಾದದಿಂದ ಶುರು ಮಾಡಿದರು. ಮಂಡಿ, ಸೊಂಟ, ಇಳಿಬಿದ್ದ ತೋಳು. ಎಲ್ಲ ಅವರಿಗೆ ಪರಿಚಯವಿದ್ದ ದಾರಿಯೇ. ಮುಖಕ್ಕೆ ಬಂದಾಗ ಕೈ ನಿಂತಿತು.

“ಮುಖ ಎಲ್ಲೈತೆ?”

“ಅದೇ ಮುಖ.”

“ಇದ್ರಾಗೆ ಏನೂ ಇಲ್ವಲ್ರೀ. ನಿಮ್ಮದ್ರಲ್ಲಿ ಮೂಗು ಚೂಪಾಗಿತ್ತು, ರೆಪ್ಪೆ ಇತ್ತು.”

ಬೆರಳಿಗೆ ಸ್ಪಷ್ಟವಾಗಿ ಸಿಗಲಿ ಎಂದು ಮಾದರಿಯಲ್ಲಿ ಮೂಗು ಕಣ್ಣುಗಳನ್ನು ತಿದ್ದಿದ್ದೆವು ಎಂದೆ. ಕಲಾವತಿ ತಮಿಳಿನಲ್ಲಿ ಹೇಳಿದರು: “ಇದು ನೂರಾರು ವರ್ಷ ಗುಡಿಯಲ್ಲಿ ಪೂಜೆಗೊಂಡ ಮೂರ್ತಿಯಮ್ಮಾ. ದಿನಾ ಎಣ್ಣೆ, ಹಾಲು, ಗಂಧ ಹಚ್ಚಿ ತೊಳೆದು, ಒರೆಸಿ, ಅರ್ಚಕರ ಕೈಯಲ್ಲೇ ಮುಖ ಸವೆದಿದೆ.”

“ಕೈಯಿಂದ ಸವೆದಿದ್ದಾ?” ಎಂದು ತಮಿಳಿನಲ್ಲೇ ಕೇಳಿದರು ಶ್ಯಾಮಲಾ.

“ಹೌದು.”

“ಅವರು ಗ್ಲೌಸ್ ಹಾಕಿದ್ದರಾ?”

ಕಲಾವತಿ ಮೂರ್ತಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಂದು, ಶ್ಯಾಮಲಾ ಅವರ ಬಲಗೈ ಗ್ಲೌಸ್ ತಾವೇ ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ಒರೆಸಿದರು. “ಮುಖ ಮಾತ್ರ. ಆಮೇಲೆ ನಾನು ಶುಚಿ ಮಾಡಿಕೊಳ್ಳುತ್ತೇನೆ,” ಎಂದರು.

ಶ್ಯಾಮಲಾ ಬರಿಗೈಯ ಬೆರಳುಗಳನ್ನು ದೇವಿಯ ಹಣೆಯ ಮೇಲಿಟ್ಟು ನಿಧಾನವಾಗಿ ಕೆಳಗಿಳಿಸಿದರು. ಕಣ್ಣು ಇದ್ದ ಕಡೆ ಬೆರಳು ಬಂದಾಗ, ಇಷ್ಟು ವರ್ಷದ ಅಭ್ಯಾಸ, ನಾನು ಬಾಯಿ ತೆರೆದೆ. “ಅದು ಬಲಗಣ್ಣು, ಅಲ್ಲಿಂದ ಸ್ವಲ್ಪ ಕೆಳಗೆ...”

“ಜಯಂತಿಯವ್ರೇ,” ಎಂದರು ಶ್ಯಾಮಲಾ, ತಲೆ ಎತ್ತದೆ. “ಸೊಲ್ಪ ಸುಮ್ನಿರ್ತೀರಾ?”

ಸುಮ್ಮನಾದೆ.